ತೋಟದ ಕೋವಿ, ಸೊಂಟದ ಪಿಸ್ತೂಲು

ನಮ್ಮ ಚೇಳೂರಿನ ಸುತ್ತ ತೆಂಗು, ಅಡಿಕೆ, ಹಲಸಿನ ತೋಟಗಳಿವೆ. ಹಂದಿಯ ಕಾಟಕ್ಕೆ ಪರವಾನಗಿ ಪಡೆದು ಒಂಟಿ ನಳಿಗೆಯ ಕೋವಿ ಇಟ್ಟುಕೊಂಡ ರೈತರನ್ನು ಬಲ್ಲೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಿಗೈಯಲ್ಲಿ ತೋಟ ಕಾಯುವವರು ಅವರು. ಅವರ ಮೇಲೆ ನನ್ನ ತಕರಾರಿಲ್ಲ.

ತಕರಾರಿರುವುದು ಪಿಸ್ತೂಲಿನ ಮೇಲೆ. ಹಳೆಯ ಶಿಷ್ಯನೊಬ್ಬ ಮನೆಗೆ ಬಂದವನು ಅಂಗಿ ಸರಿಸಿ ಸೊಂಟದ ಪಿಸ್ತೂಲು ತೋರಿಸಿದ. "ಸ್ವರಕ್ಷಣೆಗೆ ಸಾರ್" ಎಂದ. "ಯಾರಿಂದಪ್ಪಾ?" ಎಂದೆ. ನಕ್ಕನೇ ಹೊರತು ಉತ್ತರಿಸಲಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆ ಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿದೆ. 2019ರ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಬಂದೂಕುಗಳನ್ನು 3ರಿಂದ 2ಕ್ಕೆ ಇಳಿಸಿತು. ಆದರೆ ಪಿಸ್ತೂಲಿನ ಪರವಾನಗಿಗೆ ಬಾಗಿಲು ತೆರೆದೇ ಇದೆ. ಎಷ್ಟು ಎಂದು ಎಣಿಸಿದರೆ ಸಾಲದು, ಯಾವುದು ಎಂದೂ ಕೇಳಬೇಕು.

1996ರ ಮಾರ್ಚಿನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನ ಶಾಲೆಗೆ ನುಗ್ಗಿದವನೊಬ್ಬ 16 ಮಕ್ಕಳನ್ನೂ ಅವರ ಉಪಾಧ್ಯಾಯಿನಿಯನ್ನೂ ಕೊಂದ. ಅವನಲ್ಲಿದ್ದವು ಪರವಾನಗಿಯ ಪಿಸ್ತೂಲು, ರಿವಾಲ್ವರುಗಳೇ. 1997ರಲ್ಲಿ ಬ್ರಿಟನ್ ಅವುಗಳನ್ನು ನಾಗರಿಕರಿಗೆ ನಿಷೇಧಿಸಿತು. ರೈತನ ಕೋವಿಯನ್ನು ಪರವಾನಗಿಯಡಿ ಉಳಿಸಿತು.

"ಕಳ್ಳರ ಬಳಿ ಪಿಸ್ತೂಲಿರುವಾಗ ಸಜ್ಜನರದೇಕೆ ಕಸಿಯಬೇಕು?" ಎನ್ನುವವರಿದ್ದಾರೆ. ಡನ್‌ಬ್ಲೇನಿನವನೂ ಹಿಂದಿನ ದಿನದವರೆಗೆ ಕಾಗದದ ಮೇಲೆ ಸಜ್ಜನನೇ! ಕೋವಿಗೆ ತೋಟದಲ್ಲಿ ಕೆಲಸವುಂಟು. ಸೊಂಟದ ಪಿಸ್ತೂಲು ಮನುಷ್ಯನ ಮೇಲಲ್ಲದೆ ಇನ್ನಾವುದರ ಮೇಲೆ ಎತ್ತಲ್ಪಡುತ್ತದೆ? ನಾಗರಿಕರಿಗೆ ಅದು ನಿಷಿದ್ಧವಾಗಲಿ. ತರಗತಿಯಲ್ಲೇ ಆಯುಷ್ಯ ಕಳೆದ ನನಗೆ ಆ 16 ಮಕ್ಕಳನ್ನು ಮರೆಯಲಾಗದು.