ಹುಟ್ಟಿನ ಊನವೂ ಹೆಣ್ಣುಮಕ್ಕಳ ಶಾಲೆಯೂ

ಕೂಸು ಊನದೊಡನೆ ಹುಟ್ಟಿತೆಂದರೆ ನಮ್ಮ ಸೀಮೆಯಲ್ಲಿ ಮೊದಲು ದೂರಿಗೆ ಗುರಿಯಾಗುವವಳು ತಾಯಿ. ಗ್ರಹಣದಲ್ಲಿ ಹೊರಗೆ ಬಂದಳು, ಕತ್ತರಿ ಹಿಡಿದಳು ಎಂದು ನೆರೆಹೊರೆಯವರು ತೀರ್ಪು ಕೊಡುವರು. ಈ ರೂಢಿಯು ಕೋಟೆಯ ಸುತ್ತಣ ಪೇಟೆಯಲ್ಲಾಗಲಿ ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಾಗಲಿ ಇನ್ನೂ ಅಳಿದಿಲ್ಲ. ಅನೇಕ ಊನಗಳ ಕಾರಣವು ವೈದ್ಯರಿಗೂ ತಿಳಿಯದು. ತಿಳಿದ ಕಾರಣಗಳಲ್ಲಿ ಮಾತ್ರ ಗ್ರಹಣವು ಇಲ್ಲ. ಕೆಲವು ಊನಗಳನ್ನು ತಡೆಯಲು ಬರುವದು. ಆದರೆ ತಡೆಯುವ ಕಾಲವು ನಾವು ಎಣಿಸುವದಕ್ಕಿಂತ ಬಹಳ ಮುಂಚಿನದೆಂಬದನ್ನು ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದಿಡಲು ನಾವು ಬಯಸುವೆವು.

ಮಿದುಳು, ಬೆನ್ನುಹುರಿಗಳಾಗಬೇಕಾದ ನಾಳವು ಗರ್ಭದಲ್ಲಿ ಮೊದಲ 28 ದಿನಗಳೊಳಗೇ ಮುಚ್ಚಿಕೊಳ್ಳುವದು. ಅಷ್ಟರಲ್ಲಿ ಎಷ್ಟೋ ಸ್ತ್ರೀಯರಿಗೆ ತಾವು ಗರ್ಭಿಣಿಯರೆಂಬದೇ ತಿಳಿದಿರದು. ಅಂಥ ಊನದ ಕೂಸನ್ನು ಒಮ್ಮೆ ಹೆತ್ತ ತಾಯಂದಿರು ಮುಂದಿನ ಗರ್ಭಕ್ಕೆ ಪೂರ್ವದಿಂದಲೇ ಫೋಲಿಕ್ ಆಮ್ಲವನ್ನು ಸೇವಿಸಿದರೆ, ಆ ಊನವು ಮರುಕಳಿಸುವದು ನೂರಕ್ಕೆ 72ರಷ್ಟು ಕಡಿಮೆಯಾಗುವದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿಯು 1991ರಲ್ಲಿ ತೋರಿಸಿತು. ರುಬೆಲ್ಲಾ ಜ್ವರದ ಸಂಗತಿಯೂ ಹಾಗೆಯೇ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ಅದು ತಗಲಿದರೆ ಕೂಸಿನ ಕಣ್ಣು, ಕಿವಿ, ಹೃದಯಗಳು ಕೆಡುವವು. ಆಸ್ಟ್ರೇಲಿಯದ ನೇತ್ರವೈದ್ಯ ನಾರ್ಮನ್ ಗ್ರೆಗ್ ಇದನ್ನು 1941ರಲ್ಲಿಯೇ ಬರೆದಿಟ್ಟನು. ಇದರ ಲಸಿಕೆಯನ್ನು ಗರ್ಭಿಣಿಗೆ ಹಾಕಲಾಗದು, ಮೊದಲೇ ಹಾಕಿರಬೇಕು. 2017ರ ಫೆಬ್ರುವರಿಯಲ್ಲಿ ಕರ್ನಾಟಕವು 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಸಿದ್ದು ಈ ಕಾರಣದಿಂದಲೇ. ಹೆರಿಗೆಯ ಮನೆಯಲ್ಲಿ ಎಚ್ಚತ್ತುಕೊಳ್ಳುವದೆಂದರೆ ವೈರಿಯು ಕೋಟೆ ಹೊಕ್ಕ ಮೇಲೆ ಅಗಳು ತೋಡಿದಂತೆ.

ಆದಕಾರಣ ಈ ಕಾರ್ಯದ ಮೊದಲ ಠಾಣ್ಯವು ಹೆಣ್ಣುಮಕ್ಕಳ ಶಾಲೆಯೇ ಎಂಬದು ನಮ್ಮ ಮತ. ಸರಕಾರವು ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ ಕಬ್ಬಿಣದೊಡನೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವದು. ಹೊಟ್ಟೆ ತೊಳಸುವದೆಂದು ಹುಡುಗಿಯರು ಅದನ್ನು ಎಸೆದರೆ, ಊಟವಾದ ಮೇಲೆ ನುಂಗೆಂದು ತಾಯಿಯು ತಿಳಿಹೇಳಲಿ. ಲಗ್ನವಾದ ಮೇಲೆ ದಿನಕ್ಕೊಂದು ಫೋಲಿಕ್ ಮಾತ್ರೆಯನ್ನು ವೈದ್ಯರಿಂದ ಕೇಳಿ ಪಡೆಯಲಿ. ಸೋದರಮಾವನಿಗೋ ಅತ್ತೆಯ ಮಗನಿಗೋ ಮಗಳನ್ನು ಕೊಡುವ ವಿಚಾರವಿದ್ದರೆ ಹಿರಿಯರು ಒಂದು ಗಳಿಗೆ ನಿಂತು ಯೋಚಿಸಲಿ. ನಮ್ಮ ರಾಜ್ಯದ ಲಗ್ನಗಳಲ್ಲಿ ಸುಮಾರು ಕಾಲುಭಾಗವು ನೆಂಟರೊಳಗಿನವೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಹೇಳಿತು. ಅಂಥ ಸಂಬಂಧಗಳಲ್ಲಿ ಊನದ ಸಂಭವವು ಹೆಚ್ಚು.

ತಡೆಯುವದರ ಜತೆಗೆ ಎಣಿಸುವದೂ ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಸೀಳುತುಟಿ, ತಿರುಚಿದ ಪಾದ, ಹೃದಯದ ಊನ ಮೊದಲಾದ ಹುಟ್ಟಿನ ಊನಗಳನ್ನು ಹುಡುಕುವದು. ಅದರ ತಂಡವು ವರ್ಷಕ್ಕೆ ಎರಡು ಸಲ ಅಂಗನವಾಡಿಗೂ ಒಂದು ಸಲ ಶಾಲೆಗೂ ಬರತಕ್ಕದ್ದು. ತಿರುಚಿದ ಪಾದಕ್ಕೆ ಮೊದಲ ವಾರಗಳಲ್ಲಿಯೇ ಪಟ್ಟು ಕಟ್ಟತೊಡಗಿದರೆ ಮಗುವು ನೆಟ್ಟಗೆ ನಡೆಯುವದು. ಆದರೆ ಸತ್ತು ಹುಟ್ಟಿದ ಕೂಸು ಅಂಗನವಾಡಿಗೆ ಬಾರದು; ಅದರ ಊನವನ್ನು ಬರೆಯುವವರಾರು? ಮಳೆಗಾಲದಲ್ಲಿ ದಾರಿ ಕಡಿಯುವ ಭೀಮಗಡದ ಕಾಡಿನ ಹಳ್ಳಿಗಳ ಲೆಕ್ಕವನ್ನು ಇಡುವವರಾರು? ಇದು ಆಗದ ಮಾತಲ್ಲ. ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಸುತ್ತಣ ಹಳ್ಳಿಗಳ ಗರ್ಭಿಣಿಯರ ಹೆಸರು ಬರೆದುಕೊಂಡು, ಹೆರಿಗೆಯಾಗಿ 42 ದಿನಗಳವರೆಗೆ ತಾಯಿಕೂಸುಗಳನ್ನು ಅನುಸರಿಸುವ ದಾಖಲೆಯನ್ನು ನಡೆಸಿ ತೋರಿಸಿರುವರು. ಬದುಕಿದ್ದಿರಲಿ ಸತ್ತಿದ್ದಿರಲಿ, ಪ್ರತಿಯೊಂದು ಹುಟ್ಟನ್ನೂ ಬರೆಯುವ ಇಂಥ ಪುಸ್ತಕವು ಇಡೀ ಜಿಲ್ಲೆಗೆ ಬೇಕು. ಎಲ್ಲಿ ಊನವು ಹೆಚ್ಚಾಯಿತೆಂದು ತಿಳಿಯದೆ ಯಾಕೆ ಹೆಚ್ಚಾಯಿತೆಂದು ಕೇಳುವದಾದರೂ ಹೇಗೆ?

ಈ ಶಾಲೆಯಲ್ಲಿ ಓದಿ ಇಂದು ದಾದಿಯರೂ ಶಿಕ್ಷಕಿಯರೂ ಗೃಹಿಣಿಯರೂ ಆಗಿರುವ ಭಗಿನಿಯರು ತಮ್ಮ ತಮ್ಮ ಓಣಿಯಲ್ಲಿ ಎರಡು ಮಾತು ಹೇಳಲಿ: ಊನವನ್ನು ಮುಚ್ಚಿಡಬೇಡಿರಿ, ತಾಯಿಯನ್ನು ದೂರಬೇಡಿರಿ. ದೂರಿಗೆ ಅಂಜಿದ ತಾಯಿಯು ಕೂಸನ್ನು ಅಡಗಿಸುವಳು. ಅಡಗಿಸಿದ ಕೂಸಿಗೆ ಔಷಧವೂ ಇಲ್ಲ, ಲೆಕ್ಕವೂ ಇಲ್ಲ.