ಉಗ್ರಾಣದ ಬೀಗದ ಕೈ

ನಾನು ಮದುವೆಯಾಗಿ ಬಂದ ದಿನವೇ ಅತ್ತೆಯವರು, "ಇನ್ನು ಈ ಮನೆಯೆಲ್ಲ ನಿನ್ನದೇ ಕಣಮ್ಮ" ಎಂದಿದ್ದರು. ಉಗ್ರಾಣದ ಬೀಗದ ಕೈ ಮಾತ್ರ ಹನ್ನೆರಡು ವರ್ಷ ಅವರ ಸೊಂಟದಲ್ಲೇ ಇತ್ತು. ಬೆಳಿಗ್ಗೆ ಅವರು ಅಕ್ಕಿ ಅಳೆದು ಕೊಡುವವರೆಗೆ 'ನನ್ನ' ಮನೆಯಲ್ಲಿ ನಾನು ಅನ್ನಕ್ಕಿಡುವಂತಿರಲಿಲ್ಲ.

ಅದು ಮೊನ್ನೆ ನೆನಪಾದದ್ದು ಮಗಳ ಹೊಸ ಲ್ಯಾಪ್‌ಟಾಪಿನ ಮುಂದೆ. 'ಮುಕ್ತ ಫರ್ಮ್‌ವೇರ್' ಇರುವುದೆಂದು ಹುಡುಕಿ ಕೊಂಡಿದ್ದಳು. ಗುಂಡಿ ಒತ್ತಿದೊಡನೆ ಎಲ್ಲಕ್ಕಿಂತ ಮೊದಲು ಎಚ್ಚರಾಗಿ ಯಂತ್ರವನ್ನು ಎಬ್ಬಿಸುವ ತಂತ್ರಾಂಶವೇ ಫರ್ಮ್‌ವೇರ್. ಸಾಮಾನ್ಯವಾಗಿ ಕಂಪನಿಗಳು ಅದನ್ನು ಮುಚ್ಚಿಟ್ಟುಕೊಳ್ಳುತ್ತವೆ. ಯಾರು ಬೇಕಾದರೂ ಓದಿ ತಿದ್ದಬಹುದಾದ ಒಂದನ್ನು 1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಶುರುಮಾಡಿದರು. 2008ರಿಂದ ಅದರ ಹೆಸರು ಕೋರ್‌ಬೂಟ್.

"ಬಹುಪಾಲು ತೆರೆದೇ ಇದೆ ಅಮ್ಮಾ. ಆದರೆ ಮೆಮೊರಿ ಎಬ್ಬಿಸುವ ತುಣುಕು ಇಂಟೆಲ್‌ನವರದು, ಓದೋಕಾಗಲ್ಲ" ಎಂದಳು.

ಅದೇನು ಸಣ್ಣ ತುಣುಕೇ? ಮೆಮೊರಿ ಚಿಪ್ಪುಗಳು ಕರೆಂಟು ಕೊಟ್ಟ ಮಾತ್ರಕ್ಕೆ ಕೆಲಸಕ್ಕೆ ಬರುವುದಿಲ್ಲ. ಒಂದೊಂದು ತಂತಿಯಲ್ಲಿ ಸಂಕೇತ ಯಾವ ಕ್ಷಣಕ್ಕೆ ಮುಟ್ಟುತ್ತದೆಂದು ಬರೆದು, ಓದಿ, ವೀಣೆಗೆ ಶ್ರುತಿ ಮಾಡಿದಂತೆ ಹೊಂದಿಸಬೇಕು. ಅದಾಗುವವರೆಗೆ ಪ್ರೊಸೆಸರು ತನ್ನೊಳಗಿನ ಪುಟ್ಟ ಕ್ಯಾಶ್‌ನಲ್ಲೇ ಹೇಗೋ ಸುಧಾರಿಸಬೇಕು. ಉಗ್ರಾಣ ತೆರೆಯದೆ ಅಡುಗೆಯಿಲ್ಲ!

ಬಲು ನಾಜೂಕಿನ ಕೆಲಸ, ತಪ್ಪಿದರೆ ಯಂತ್ರವೇ ಏಳುವುದಿಲ್ಲ, ನಿಮಗೇಕೆ ಆ ಉಸಾಬರಿ ಎನ್ನುವವರುಂಟು. ನಮ್ಮತ್ತೆಯವರೂ ಹೀಗೇ ಹೇಳುತ್ತಿದ್ದರು. ಆದರೆ 2011 ಮತ್ತು 2012ರಲ್ಲಿ ಬಂದ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್, ಐವಿ ಬ್ರಿಡ್ಜ್ ಪ್ರೊಸೆಸರುಗಳಿಗೆ ಕೋರ್‌ಬೂಟ್‌ನವರು ಈ ಕೆಲಸವನ್ನು ತಾವೇ ಪತ್ತೆಮಾಡಿ ಬರೆದರು. ಥಿಂಕ್‌ಪ್ಯಾಡ್ ಎಕ್ಸ್230 ಇಂದಿಗೂ ಆ ತೆರೆದ ತುಣುಕಿನಿಂದಲೇ ಏಳುತ್ತದೆ. ಅಂದಮೇಲೆ ಹೊರಗಿನವರಿಂದ ಆಗದ ಕೆಲಸವೆಂಬುದು ಸುಳ್ಳು.

"ಹೇಗೂ ನಡೀತಿದೆಯಲ್ಲ, ಓದಿ ನೀವೇನು ಮಾಡ್ತೀರಿ?" ಎಂದರು ನಮ್ಮ ಯಜಮಾನರು. ನಾನು ಓದಲಾರೆ, ನಿಜ. ನನ್ನ ಪರವಾಗಿ ಓದಬಲ್ಲವರು ಬೇಕು. ಆ ತುಣುಕಿನಲ್ಲಿ ದೋಷವಿದ್ದರೆ ತಿದ್ದುವವರು ಕಂಪನಿಯವರೊಬ್ಬರೇ. ಅವರಿಗೆ ಹಳೆಯ ಚಿಪ್ಪಿನ ಮೇಲೆ ಆಸಕ್ತಿ ಹೋದ ದಿನ ನಾವು ಯಾರ ಬಾಗಿಲು ತಟ್ಟೋಣ?

ಕೋರ್‌ಬೂಟ್‌ನವರನ್ನು ನಾನು ದೂರುವುದಿಲ್ಲ. ಆ ತುಣುಕಿಲ್ಲದೆ ಹೊಸ ಯಂತ್ರಗಳು ಏಳುವುದೇ ಇಲ್ಲವಾದರೆ ಅವರಾದರೂ ಏನು ಮಾಡಿಯಾರು? ನನ್ನ ಜಗಳ ಚಿಪ್ಪು ಮಾಡುವವರೊಡನೆ. ದುಡ್ಡು ತೆಗೆದುಕೊಂಡ ಮೇಲೆ ಅದನ್ನು ಎಬ್ಬಿಸುವ ಬಗೆಯನ್ನೂ ಹೇಳಿಕೊಡಬೇಕು. ಮಾರುವವರು ಏನು ಮುಚ್ಚಿದೆಯೆಂದು ಡಬ್ಬಿಯ ಮೇಲೆ ಬರೆಯಬೇಕು.

ಕೊನೆಗೊಮ್ಮೆ ಅತ್ತೆಯವರು ಕಾಯಿಲೆ ಬಿದ್ದು ಬೀಗದ ಕೈ ಕೊಟ್ಟರು. ಒಳಗಿದ್ದದ್ದು ಅಕ್ಕಿ, ಬೇಳೆ, ಬೆಲ್ಲ. ಅದಕ್ಕಾಗಿ ಹನ್ನೆರಡು ವರ್ಷ ಕಾದಿದ್ದೆ. ನನ್ನ ಮಗಳು ಕಾಯಬೇಕಿಲ್ಲ.