ಮುಟ್ಟದೆ ನೋಡುವ ವಿದ್ಯೆ

ಬಾಗಿಲು ಮುರಿದ ಮನೆಗೆ ಹೋದಾಗ ಚಿಲಕವನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಪತ್ತೇದಾರಿ ಕಾದಂಬರಿ ಓದಿದ ಶಾಲಾ ಹುಡುಗನಿಗೂ ಗೊತ್ತು. ಅದೇ ಮಾತು ಲ್ಯಾಪ್‌ಟಾಪಿಗೂ ಸಲ್ಲುತ್ತದೆ ಎನ್ನುವುದು ತಲೆಗೆ ಹತ್ತಿದರೂ ಕೈಗೆ ಒಗ್ಗುವುದು ಕಷ್ಟ. ಆರೋಪಿಯ ಮೇಜಿನ ಮೇಲೆ ಪರದೆ ಬೆಳಗುತ್ತಿದ್ದರೆ ‘ಒಳಗೇನಿದೆ, ಒಂದು ಸಲ ನೋಡಿಬಿಡೋಣ’ ಅನ್ನಿಸುತ್ತದೆ. ಆ ಒಂದು ಸಲವೇ ಸಾಕು. ನಿಂತ ಯಂತ್ರವನ್ನು ಸುಮ್ಮನೆ ಚಾಲೂ ಮಾಡಿದರೂ ವಿಂಡೋಸ್ ತನ್ನಷ್ಟಕ್ಕೆ ತಾನೇ ನೂರಾರು ಕಡತಗಳನ್ನು ತೆರೆದು, ಬರೆದು, ದಿನಾಂಕ ಬದಲಿಸುತ್ತದೆ. ಈಗಿನ ಎಸ್‌ಎಸ್‌ಡಿಗಳಂತೂ ವಿದ್ಯುತ್ ಸಿಕ್ಕಿದ್ದೇ ತಡ, ಅಳಿಸಿದ ಕಡತಗಳ ಉಳಿಕೆಯನ್ನು ಒಳಗೊಳಗೇ ಗುಡಿಸಿಹಾಕಬಲ್ಲವು. ಆರೋಪಿ ಅಳಿಸಿ ಮುಗಿಸದ ಸಾಕ್ಷ್ಯವನ್ನು ಪೊಲೀಸರೇ ಅಳಿಸಿಕೊಟ್ಟಂತೆ.

ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಈಗ ಜಿಲ್ಲೆಗಳಲ್ಲೂ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನ ದರ್ಜೆಯವರು ತನಿಖೆ ಮಾಡುವಂತಿಲ್ಲ. ಆದರೆ ಸ್ಥಳಕ್ಕೆ ಮೊದಲು ಹೋಗಿ ನಿಲ್ಲುವವರು, ಯಂತ್ರವನ್ನು ಮೊದಲು ಎತ್ತಿಕೊಳ್ಳುವವರು ಹೆಚ್ಚಾಗಿ ಕಾನ್‌ಸ್ಟೆಬಲ್‌ಗಳೇ. ಅವರಿಗೆ ಮೊದಲು ಏನನ್ನು ಕಲಿಸಬೇಕು? ತಂತ್ರಾಂಶ, ಹ್ಯಾಕಿಂಗ್ ಎಲ್ಲ ಆಮೇಲಿನ ಮಾತು. ಕೈ ಕಟ್ಟಿಕೊಂಡು ನಿಲ್ಲುವುದನ್ನು ಮೊದಲು ಕಲಿಸಬೇಕು.

ಹಾಗೆಂದು ‘ಮುಟ್ಟಬೇಡಿ’ ಎಂದು ಗೋಡೆಯ ಮೇಲೆ ಬರೆದರೆ ಮುಗಿಯಲಿಲ್ಲ. ಹಿಂದೆ ಪ್ಲಗ್ ಕಿತ್ತುಬಿಡಿ ಎಂದು ಹೇಳಿಕೊಡುತ್ತಿದ್ದರು. ಡಿಸ್ಕಿಗೇ ಬೀಗ ಹಾಕುವ ಗೂಢಲಿಪಿಯ ಕಾಲದಲ್ಲಿ ಆ ಬುದ್ಧಿವಾದ ತಿರುಗುಬಾಣವಾಗಬಹುದು. ಬೀಗದ ಕೈ ಇರುವುದು ಚಾಲೂ ಇರುವ ಯಂತ್ರದ ರ‍್ಯಾಮಿನಲ್ಲಿ. ಪ್ಲಗ್ ಕಿತ್ತ ಕೂಡಲೇ ಅದೂ ಹೋಗುತ್ತದೆ. ಮೊಬೈಲ್ ಫೋನಿನದು ಇನ್ನೊಂದು ತಲೆನೋವು. ನೆಟ್‌ವರ್ಕ್ ಸಿಗುವಂತೆ ಬಿಟ್ಟರೆ ಎಲ್ಲೋ ಕೂತವನು ಅದರೊಳಗಿನದನ್ನೆಲ್ಲ ಒರೆಸಿಹಾಕಬಹುದು. ಸಿಗ್ನಲ್ ತಡೆಯುವ ಫ್ಯಾರಡೆ ಚೀಲಕ್ಕೆ ಹಾಕಿದರೆ ಫೋನು ಟವರಿಗಾಗಿ ತಡಕಾಡಿ ತಡಕಾಡಿ ಬ್ಯಾಟರಿ ಮುಗಿಸಿಕೊಳ್ಳುತ್ತದೆ, ಆರಿ ಮತ್ತೆ ಹೊತ್ತಿದಾಗ ಪಾಸ್‌ವರ್ಡ್ ಕೇಳುತ್ತದೆ. ಯಾವಾಗ ಏನು ಮಾಡಬೇಕೆಂಬುದು ಸ್ಥಳದಲ್ಲೇ ತೀರ್ಮಾನವಾಗಬೇಕು. ಮಾಡಿದ್ದನ್ನೂ ಮಾಡದ್ದನ್ನೂ ಹೊತ್ತು ಹಾಕಿ ಮಹಜರಿನಲ್ಲಿ ಬರೆಯಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ ಶೋಧನೆ, ಜಪ್ತಿಯನ್ನೆಲ್ಲ ವಿಡಿಯೊ ಮಾಡಬೇಕಾಗಿರುವುದರಿಂದ ಆತುರದ ಕೈ ಈಗ ಕ್ಯಾಮೆರಾಕ್ಕೂ ಸಿಗುತ್ತದೆ. ಒಳ್ಳೆಯದೇ ಆಯಿತು.

ಡಿಸ್ಕನ್ನು ಮುದ್ರೆಯೊತ್ತಿ ತಂದ ಮೇಲೆ ಪರೀಕ್ಷಕರು ಮೂಲವನ್ನು ತೆರೆಯುವುದಿಲ್ಲ. ಬರೆಯಲು ಬಿಡದ, ಓದಲಷ್ಟೇ ಬಿಡುವ ರೈಟ್ ಬ್ಲಾಕರ್ ಎಂಬ ಸಾಧನವನ್ನು ನಡುವೆ ಇಟ್ಟು ಬಿಟ್ ಬಿಟ್ಟನ್ನೂ ನಕಲು ತೆಗೆದು, ಆ ನಕಲಿನ ಮೇಲೆ ಕೆಲಸ ಮಾಡುತ್ತಾರೆ. ನಕಲು ಮೂಲದಂತೆಯೇ ಇದೆ ಎನ್ನುವುದಕ್ಕೆ ಪುರಾವೆ ಹ್ಯಾಶ್ ಮೌಲ್ಯ. ಎಸ್‌ಎಚ್‌ಎ-256 ಕ್ರಮದಲ್ಲಿ ಎಷ್ಟೇ ದೊಡ್ಡ ಡಿಸ್ಕಾದರೂ 64 ಅಕ್ಷರಗಳ ಒಂದು ಸಾಲಾಗುತ್ತದೆ. ಒಳಗೆ ಒಂದು ಬಿಟ್ ಬದಲಾದರೂ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಹೊಸ ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರದ ನಮೂನೆಯಲ್ಲಿ ಇದನ್ನು ತುಂಬಲೆಂದೇ ಜಾಗವಿದೆ. ತಮಾಷೆಯೆಂದರೆ ಗುರುತು ಹಾಕಲು ಕೊಟ್ಟ ಚೌಕಗಳಲ್ಲಿ ಹಳೆಯ ಹ್ಯಾಶ್ ಕ್ರಮಗಳಾದ ಎಂಡಿ5, ಎಸ್‌ಎಚ್‌ಎ-1 ಕೂಡ ಇವೆ! ಎಂಡಿ5ರಲ್ಲಿ ಎರಡು ಬೇರೆ ಕಡತಗಳಿಗೆ ಒಂದೇ ಹ್ಯಾಶ್ ಬರಿಸಬಹುದೆಂದು ಚೀನಾದ ಗಣಿತಜ್ಞೆ ವಾಂಗ್ ಷಿಯಾಯುನ್ ಮತ್ತು ಸಂಗಡಿಗರು ತೋರಿಸಿದ್ದು 2004ರಲ್ಲಿ. ಎಸ್‌ಎಚ್‌ಎ-1ಕ್ಕೆ ಅದೇ ಗತಿ ಬಂದದ್ದು 2017ರಲ್ಲಿ. ಜಪ್ತಿಯಾದ ಡಿಸ್ಕಿನ ಹ್ಯಾಶಿಗೆ ಹೊಂದುವಂಥ ಬೇರೊಂದನ್ನು ಹೊಸೆಯುವುದು ಇನ್ನೂ ಬೇರೆಯೇ ಮಾತು, ಅದು ಯಾರಿಂದಲೂ ಆಗಿಲ್ಲ. ಆದರೂ ಪಾಟಿ ಸವಾಲಿನಲ್ಲಿ ಎದುರು ವಕೀಲರ ಕೈಗೆ ಇಷ್ಟು ದೊಡ್ಡ ಕೋಲು ಕೊಡುವುದೇಕೆ?

ಪ್ರಮಾಣಪತ್ರವೆಂದರೆ ತನಿಖಾಧಿಕಾರಿಗಳಿಗೆ ಕಿರಿಕಿರಿ. ಇದರ ಕಥೆ ಕೇರಳದ ಒಂದು ಚುನಾವಣಾ ಅರ್ಜಿಯಲ್ಲಿದೆ. 2011ರ ವಿಧಾನಸಭಾ ಚುನಾವಣೆಯಲ್ಲಿ ಸೋತ ಪಿ.ವಿ. ಅನ್ವರ್, ತಮ್ಮ ಮೇಲೆ ಅಪಪ್ರಚಾರದ ಹಾಡು, ಭಾಷಣ ಹರಿಯಬಿಟ್ಟರೆಂದು ಸಿ.ಡಿ.ಗಳನ್ನು ಒಪ್ಪಿಸಿದ್ದರು. ಧ್ವನಿಯನ್ನು ಹಿಡಿದದ್ದು ಬೇರೆ ಉಪಕರಣಗಳಲ್ಲಿ, ಅಲ್ಲಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಸಿ.ಡಿ.ಗೆ. 2014ರಲ್ಲಿ ಸುಪ್ರೀಂ ಕೋರ್ಟು, ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರವಿಲ್ಲದ ಈ ನಕಲುಗಳು ಸಾಕ್ಷ್ಯವೇ ಅಲ್ಲ, ಮೂಲ ಉಪಕರಣಗಳನ್ನೇ ತಂದಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದಿತು. ನಡುವೆ ಒಂದಿಷ್ಟು ಸಡಿಲವಾದ ನಿಯಮವನ್ನು 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಮತ್ತೆ ಬಿಗಿ ಮಾಡಲಾಯಿತು.

ಈ ಕಲಮು ನಮ್ಮದೇ ಬೆಳೆಯಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದನ್ನು ತಂದದ್ದು ಇಂಗ್ಲೆಂಡಿನ 1968ರ ಸಿವಿಲ್ ಸಾಕ್ಷ್ಯ ಕಾನೂನಿನಿಂದ, ಅದೂ ಅಲ್ಲಿ 1995ರಲ್ಲೇ ಅದನ್ನು ಕೈಬಿಟ್ಟ ಮೇಲೆ. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕೆಂಬ ಇನ್ನೊಂದು ನಿಯಮವನ್ನೂ ಅವರು 1999ರ ಶಾಸನದ ಮೂಲಕ ಕಿತ್ತುಹಾಕಿದರು. ಯಂತ್ರ ಸರಿಯಿದೆಯೆಂದೇ ನಂಬುವುದು ವಾಡಿಕೆಯಾಯಿತು. ಬ್ರಿಟಿಷ್ ಅಂಚೆ ಕಚೇರಿಗಳಿಗೆ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ಬಂದದ್ದೂ ಅದೇ ಹೊತ್ತಿಗೆ. ಅದು ತೋರಿಸಿದ ಇಲ್ಲದ ಕೊರತೆಯನ್ನು ನಂಬಿ 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆಪಾಲಕರಿಗೆ ಕಳ್ಳತನ, ಮೋಸ, ಸುಳ್ಳು ಲೆಕ್ಕದ ಅಪರಾಧ ಹೊರಿಸಿ ತೀರ್ಪಾಯಿತು. ಮನೆ ಮಾರಿದವರು, ಜೈಲು ಕಂಡವರು ಎಷ್ಟೋ ಮಂದಿ. ಕೊನೆಗೆ 2024ರಲ್ಲಿ ಸಂಸತ್ತೇ ಕಾನೂನು ಮಾಡಿ ಆ ತೀರ್ಪುಗಳನ್ನು ಸಾರಾಸಗಟಾಗಿ ಅಳಿಸಬೇಕಾಯಿತು. ನಮ್ಮ ಪ್ರಮಾಣಪತ್ರವನ್ನು ಬೈಯುವವರಿಗೆ ನಾನು ಈ ಕಥೆ ಹೇಳುತ್ತೇನೆ. ಓದದೆ ಸಹಿ ಹಾಕಿದ ಪ್ರಮಾಣಪತ್ರದಿಂದ ಯಾರಿಗೂ ರಕ್ಷಣೆ ಸಿಗದು ಎನ್ನುವುದೂ ಅಷ್ಟೇ ನಿಜ.

ಕೈಯನ್ನು ತಡೆದದ್ದಾಯಿತು, ನಾಲಿಗೆಯನ್ನು ತಡೆಯುವುದು ಇನ್ನೂ ಕಷ್ಟ. 2011ರಲ್ಲಿ ಫ್ಲಾರಿಡಾದಲ್ಲಿ ಮಗಳನ್ನು ಕೊಂದ ಆರೋಪದ ಮೇಲೆ ಕೇಸಿ ಆಂಥನಿಯ ವಿಚಾರಣೆ ನಡೆಯಿತು. ಆಕೆಯ ಮನೆಯ ಕಂಪ್ಯೂಟರಿನಿಂದ ಕ್ಲೋರೋಫಾರ್ಮ್ ಕುರಿತ ಜಾಲತಾಣಕ್ಕೆ 84 ಸಲ ಭೇಟಿ ಕೊಡಲಾಗಿದೆಯೆಂದು ಪ್ರಾಸಿಕ್ಯೂಷನ್ ನ್ಯಾಯಾಲಯದಲ್ಲಿ ಒತ್ತಿ ಹೇಳಿತು. ಆ ಲೆಕ್ಕ ಕೊಟ್ಟ ತಂತ್ರಾಂಶವನ್ನು ರೂಪಿಸಿದವರೇ ಆಮೇಲೆ ಅದು ತಪ್ಪೆಂದು ಕಂಡುಕೊಂಡರು. ಭೇಟಿ ಕೊಟ್ಟದ್ದು ಒಂದೇ ಸಲ! ತಂತ್ರಾಂಶದ ವರದಿಯನ್ನು ಮೂಲ ದತ್ತದ ಜೊತೆ ಹೋಲಿಸುವ ಅಭ್ಯಾಸವೇ ಇಲ್ಲದಿದ್ದರೆ ಪರೀಕ್ಷಕ ಬರೀ ಗುಂಡಿ ಒತ್ತುವವನಾಗುತ್ತಾನೆ.

ಗಡಿಯಾರದ ಮೋಸ ಇದಕ್ಕಿಂತ ನಯ. ಡಿಸ್ಕಿನಲ್ಲಿ ವಿಂಡೋಸ್ ಬರೆಯುವ ಹೊತ್ತು ಸಾಮಾನ್ಯವಾಗಿ ಅಂತರರಾಷ್ಟ್ರೀಯ ಕಾಲಮಾನದ್ದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಮೈಸೂರಿನಲ್ಲಿ 10ನೇ ತಾರೀಖು ಬೆಳಗಿನ ಜಾವ 2 ಗಂಟೆಗೆ ಕಳಿಸಿದ ಬೆದರಿಕೆ ಪತ್ರ ವರದಿಯಲ್ಲಿ 9ನೇ ತಾರೀಖು ರಾತ್ರಿ 8.30 ಎಂದು ಕಾಣಬಹುದು. ಆ ಹೊತ್ತಿಗೆ ಆರೋಪಿ ಮದುವೆ ಆರತಕ್ಷತೆಯಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದರೆ ಮೊಕದ್ದಮೆ ಅಲ್ಲಿಗೇ ಮುಗಿಯಿತು. ಐ.ಪಿ. ವಿಳಾಸದ್ದೂ ಇದೇ ಕತೆ. ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಒಂದೇ ಕ್ಷಣದಲ್ಲಿ ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ಪೋರ್ಟ್ ಸಂಖ್ಯೆಯನ್ನೂ ಸೆಕೆಂಡಿನವರೆಗಿನ ವೇಳೆಯನ್ನೂ ಕೇಳದೆ ಬರೀ ವಿಳಾಸ ಕೊಟ್ಟು ಹೆಸರು ತರಿಸಿಕೊಂಡರೆ ಪೊಲೀಸರು ಯಾರದೋ ಮನೆಯ ಬಾಗಿಲು ಬಡಿಯುತ್ತಾರೆ.

ತರಬೇತಿಗಳಲ್ಲಿ ತಂತ್ರಾಂಶದ ಪ್ರದರ್ಶನಕ್ಕೆ ಕೊಡುವ ದಿನಗಳಲ್ಲಿ ಅರ್ಧವನ್ನಾದರೂ ಅಣಕು ನ್ಯಾಯಾಲಯಕ್ಕೆ ಕೊಡಬೇಕೆಂದು ನನ್ನ ಆಸೆ. ಕಲಿಯುವವರು ಕಟಕಟೆಯಲ್ಲಿ ನಿಲ್ಲಲಿ, ನುರಿತ ವಕೀಲರೊಬ್ಬರು ಕೇಳಲಿ: ‘ಈ ಪತ್ರವನ್ನು ಟೈಪ್ ಮಾಡಿದ್ದು ನನ್ನ ಕಕ್ಷಿದಾರರೇ ಅಂತ ನಿಮಗೆ ಹೇಗೆ ಗೊತ್ತು?’ ಹೊಸಬರು ‘ಅವರದೇ ಲ್ಯಾಪ್‌ಟಾಪ್ ಸ್ವಾಮಿ’ ಎನ್ನುತ್ತಾರೆ, ಆಮೇಲೆ ಅದೇ ಮನೆಯಲ್ಲಿ ಪಾಸ್‌ವರ್ಡ್ ಗೊತ್ತಿದ್ದ ಇನ್ನೂ ಮೂವರ ಹೆಸರು ಹೊರಬೀಳುತ್ತದೆ. ಪಳಗಿದವರು ಕೊಡುವ ಉತ್ತರ ಬೇರೆ: ‘ಆ ಹೊತ್ತಿನಲ್ಲಿ ಅವರ ಖಾತೆ ತೆರೆದಿತ್ತು, ಪತ್ರ ಈ ಯಂತ್ರದಲ್ಲೇ ತಯಾರಾಗಿದೆ. ಎದುರು ಕೂತವರು ಯಾರು ಅಂತ ಡಿಸ್ಕಿನಿಂದ ಹೇಳೋಕಾಗಲ್ಲ. ಅದಕ್ಕೆ ಬೀದಿಯ ಸಿಸಿಟಿವಿ ದೃಶ್ಯವನ್ನೂ ಅವರ ಫೋನಿನ ಟವರ್ ವಿವರವನ್ನೂ ಬೇರೆಯಾಗಿ ಲಗತ್ತಿಸಿದ್ದೀವಿ.’